ಲೆಕ್ಕಕ್ಕೆ ಬಾರದ ನೀರು

ನೆಗ್ಗಿಲುಮುಳ್ಳು ಕುದಿಯುವ ವಾಸನೆ ಎಲ್ಲಿ ಬಂದರೂ ಇಂದಿಗೂ ನನ್ನ ಬಾಯಿ ಒಣಗುತ್ತದೆ.

ತಾರೀಖು ಮರೆಯುವಂಥದ್ದಲ್ಲ, ತೆಲಂಗಾಣ ರಾಜ್ಯವಾದ ದಿನದ ಮಧ್ಯಾಹ್ನ. ಮಕ್ತಲ್‌ನ ನಮ್ಮ ಓಣಿಯಲ್ಲಿ ಗುಲಾಲು ಹಾರುತ್ತಿತ್ತು. ಕಿಡ್ನಿ ಕೆಟ್ಟು, ಡಯಾಲಿಸಿಸ್‌ಗೆಂದು ರಾಯಚೂರಿಗೆ ಹೋಗಿಬರುತ್ತಿದ್ದ ಅಪ್ಪ ಒಳಗೆ ಮಲಗಿದ್ದ. ಕುಡಿದದ್ದು ಮೈಯಲ್ಲೇ ನಿಲ್ಲುತ್ತದೆ, ದಿನಕ್ಕೆ ಎರಡೇ ಲೋಟ ನೀರು ಎಂದು ಡಾಕ್ಟರು ಹೇಳಿದ್ದರು. ಅವ್ವ ಅಳೆದೇ ಕೊಡುತ್ತಿದ್ದಳು.

ಅಜ್ಜಿ ಚೊಂಬಿನ ತುಂಬ ನೆಗ್ಗಿಲುಮುಳ್ಳಿನ ಕಷಾಯ ತಂದಳು.

"ಅತ್ತೀ, ಇವತ್ತಿನ ನೀರು ಮುಗದಾವ್ರಿ," ಎಂದಳು ಅವ್ವ.

"ಇದು ನೀರಲ್ಲವ್ವಾ, ಬಾವು ಇಳಿಸೋ ಮದ್ದೈತಿ. ಮದ್ದು ಯಾರರ ಅಳೀತಾರೇನು?"

ಅಪ್ಪ ನಕ್ಕ. "ಎಲ್ಲಾರಿಗೂ ರಾಜ್ಯ ಬಂದೈತಿ, ನನಗ ಒಂದು ಚೊಂಬರ ಬರ್ಲಿ ಬಿಡ್ರಿ."

ಎರಡೂ ಕೈಯಲ್ಲಿ ಹಿಡಿದು ತಳ ಕಾಣುವವರೆಗೆ ಕುಡಿದ. ಅವನು ಅಷ್ಟು ಸುಖವಾಗಿ ಕುಡಿದದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ. ಅಜ್ಜಿ ಮತ್ತೊಂದು ಚೊಂಬು ಕಾಯಿಸಲು ಎದ್ದಳು. ಅವ್ವ ಅಳತೆಯ ಲೋಟ ತೊಳೆದು ಬೋರಲು ಹಾಕಿದಳು.

ಮರುದಿನ ನಸುಕಿಗೆ ಅಪ್ಪ ಉಸಿರಿಗಾಗಿ ಒದ್ದಾಡಿದ. ಬಾತ ಕಾಲಿಗೆ ಚಪ್ಪಲಿ ಹೋಗಲಿಲ್ಲ. ಅವನ್ನು ಕೈಯಲ್ಲಿ ಹಿಡಿದುಕೊಂಡೇ ಅವ್ವ ಅವನೊಡನೆ ರಾಯಚೂರಿನ ಬಸ್ಸು ಹತ್ತಿದಳು.

ಸಂಜೆ ಬಿಳಿ ಬಟ್ಟೆ ಹೊದಿಸಿದ ಅಪ್ಪನನ್ನು ಜೀಪಿನಿಂದ ಇಳಿಸಿದರು. ಚಪ್ಪಲಿಗಳು ಇನ್ನೂ ಅವ್ವನ ಕೈಯಲ್ಲೇ ಇದ್ದವು.