ಬಾಗಿಲು ಹಾಕಿಸಿದ ಬಾಸ್

"ಒಳಗೆ ಬಾ, ಬಾಗಿಲು ಹಾಕು" ಎಂದ ಬಾಸ್ ಕಾಲಿನ್. ಶೇಷಾದ್ರಿ ಬಾಗಿಲು ಹಾಕಿ ಕುರ್ಚಿಯ ತುದಿಯಲ್ಲಿ ಕೂತ. ರಿಸೆಷನ್ ಶುರುವಾದ ಮೇಲೆ ಅಮೆರಿಕದ ಟ್ರಾಯ್ ಊರಿನ ಆ ಆಫೀಸಿನಲ್ಲಿ ಬಾಗಿಲು ಹಾಕಿಸಿಕೊಂಡವರೆಲ್ಲ ಕೆಲಸ ಕಳೆದುಕೊಂಡಿದ್ದರು.

ಇಂಗ್ಲೆಂಡಿನವನಾದ ಬಾಸ್ ಮೊದಲು ತನ್ನೂರಿನ ಎಂಪಿಗಳನ್ನೆಲ್ಲ ಕಳ್ಳರೆಂದು ಬೈದ. ಸ್ಪೇನಿಗೆ ಹೋಗಿಯೂ ಊರಿನ ಊಟವನ್ನೇ ಹುಡುಕುವ ತನ್ನ ಜನರನ್ನೂ ಬಿಡಲಿಲ್ಲ. ಶೇಷಾದ್ರಿ ಗೋಣು ಹಾಕುತ್ತ ಕೊನೆಯ ಮಾತಿಗೆ ಕಾದ. ಕಾಲಿನ್ ಡ್ರಾಯರಿನಿಂದ ತೆಗೆದದ್ದು ಮೈಸೂರಿನ ಮ್ಯಾಪು! ಡಿಸೆಂಬರಿನಲ್ಲಿ ಹೆಂಡತಿಯೊಡನೆ ಹದಿನೈದು ದಿನಕ್ಕೆ ಅಲ್ಲಿಗೆ ಹೊರಟಿದ್ದಾನಂತೆ; ಲೇಆಫ್ ಕಾಲದಲ್ಲಿ ಈ ಸುದ್ದಿ ಹೊರಗೆ ಬೀಳಬಾರದಂತೆ. ಅಷ್ಟು ದಿನ ಇಲ್ಲಿನ ಕೆಲಸ ಶೇಷಾದ್ರಿಯೇ ನೋಡಿಕೊಳ್ಳಬೇಕು. "ಅಲ್ಲಿ ಟೂರಿಸ್ಟುಗಳಿಲ್ಲದ ಹೋಟೆಲ್ ಯಾವುದಿದೆ?" ಎಂದು ಕೇಳಿದ.

ಹೋದ ಜೀವ ಬಂದಂತಾಗಿ ಶೇಷಾದ್ರಿ ಏನೋ ಹೇಳಿಬಿಟ್ಟ. ಹೊರಗೆ ಬಂದವನೇ ಹೆಂಡತಿಗೆ ಫೋನ್ ಮಾಡಿದ.

"ಪದ್ಮಾ, ಕೆಲಸ ಉಳೀತು ಕಣೇ! ಆದ್ರೆ ಡಿಸೆಂಬರಲ್ಲಿ ಮೈಸೂರಿನ ನಿಮ್ಮಮ್ಮನ ಮನೇಲಿ ಹದಿನೈದು ದಿನ ನಮ್ಮ ಬಾಸು, ಅವರ ಹೆಂಡ್ತಿ ಇರ್ತಾರೆ."