ಹಳದಿ ಬಿಲ್ಲೆಯ ಮಾತು

ಹುಬ್ಬಳ್ಳಿಯ ಕುಕ್ಕರ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ವಾಲ್ವ್ ಕೂರಿಸಿದ ಶಾವಂತ್ರೆವ್ವ ರಾಜೀನಾಮೆ ಬರೆದುಕೊಟ್ಟಳು. ತಿಂಗಳ ನೋಟಿಸ್ ಮುಗಿದ ದಿನ ಗೇಟಿನಾಚೆ ಹೋಗಿ, ಸಂದರ್ಶಕರ ಹಳದಿ ಬಿಲ್ಲೆ ಕೊರಳಿಗೆ ಹಾಕಿಕೊಂಡು ಮತ್ತೆ ಒಳಗೆ ಬಂದಳು. ಬೇರೆ ದಾರಿಯಿರಲಿಲ್ಲ. ಹೊಸ ವಿಚಾರ ಹೊರಗಿನಿಂದಲೇ ಬರಬೇಕೆಂದು ಕಂಪನಿಗಳು ಸಾಹೇಬರ ಕಿವಿಗೆ ಯಂತ್ರ ಸಿಕ್ಕಿಸಿದ ಮೇಲೆ, ನೀಲಿ ಬಿಲ್ಲೆಯ ನೌಕರರು ನಮಸ್ಕಾರ ಎಂದರೆ ಕೇಳಿಸುತ್ತಿತ್ತು, ತಪ್ಪಾಗಿದೆ ಎಂದರೆ ಕೇಳಿಸುತ್ತಿರಲಿಲ್ಲ.

ಮ್ಯಾನೇಜರ್ ಹಂಜಿಯವರು ಮುಖ ನೋಡದೆ ಹಳದಿ ಬಿಲ್ಲೆಯನ್ನಷ್ಟೇ ನೋಡಿ, ಎದ್ದು ಕುರ್ಚಿ ಎಳೆದುಕೊಟ್ಟರು. "ಬರ್ರಿ ಮೇಡಂ, ಎಲ್ಲಿಂದ ಬಂದ್ರಿ?"

"ಗೇಟಿನ ಹೊರಗಿಂದ್ರಿ."

"ಭಾಳ ಚಲೋ! ಹೇಳ್ರಿ."

ದೊಡ್ಡವರ ಮುಂದೆ ಒಳ್ಳೆಯ ಮಾತಿನಿಂದಲೇ ಶುರು ಮಾಡಬೇಕೆಂದು ಶಾವಂತ್ರೆವ್ವ ತಪ್ಪು ತಿಳಿದಿದ್ದಳು. "ಸಾಹೇಬ್ರ, ಹೊಸಾ ಕುಕ್ಕರಿನಾಗ ಬ್ಯಾಳಿ ನಾಕ ನಿಮಿಷಕ್ಕ ಬೇಯ್ತೈತ್ರಿ. ವಾಲ್ವ್ ಅಷ್ಟು ಬಿಗಿ ಐತಿ. ಆದ್ರ..."

ಹಂಜಿಯವರ ಕಣ್ಣು ಅರಳಿತು. "ಇಂಥಾ ಜ್ಞಾನ ಹೊರಗ ಬಿಟ್ರ ಬ್ಯಾರೆ ಕಂಪನಿಯವರು ಎಳ್ಕೊಂಡು ಹೋಗ್ತಾರ!" ಎಂದು ಹಳದಿ ಬಿಲ್ಲೆ ಕಳಚಿ, ನೀಲಿ ಬಿಲ್ಲೆಯನ್ನು ತಾವೇ ಅವಳ ಕೊರಳಿಗೆ ಹಾಕಿದರು. "ಇವತ್ತಿಂದ ನೀವು ನಮ್ಮವರು."

"ಸಾಹೇಬ್ರ, ಅದು ಸಿಡಿತೈತ್ರಿ!" ಶಾವಂತ್ರೆವ್ವ ಚೀರಿದಳು. "ಮಂದಿ ಸಾಯ್ತಾರ್ರಿ!"

ಅವಳ ತುಟಿ ಅಲುಗುವುದನ್ನು ನೋಡಿ ಹಂಜಿಯವರು ಮುಗುಳ್ನಕ್ಕರು. "ಇರ್ಲಿ ಇರ್ಲಿ, ಥ್ಯಾಂಕ್ಸ್ ಎಲ್ಲಾ ಯಾಕಬೇ? ಹೋಗು, ಕೆಲಸ ನೋಡು."

ಶಾವಂತ್ರೆವ್ವ ಅಲ್ಲೇ ನಿಂತು ಇನ್ನೊಂದು ರಾಜೀನಾಮೆ ಗೀಚಿದಳು. ಹಂಜಿಯವರು ಅದಕ್ಕೂ ನಗುನಗುತ್ತಲೇ ಒಂದು ತಿಂಗಳ ನೋಟಿಸಿನ ಮುದ್ರೆ ಒತ್ತಿದರು. ಕಿಟಕಿಯಾಚೆ, ಹೊಸ ಕುಕ್ಕರುಗಳ ಮೊದಲ ಲಾರಿ ಗೇಟು ದಾಟುತ್ತಿತ್ತು.