ಮೋತ್ಯಾನ ಮೂಗು, ಅಜ್ಜನ ಟವೆಲ್ಲು

ಖಾನಾವಳಿಯ ಮುಂದೆ ಮೀನು ಕರಿಯುವ ವಾಸನೆ ಬಂದರೆ ಈಗಲೂ ನನಗೆ ನೆನಪಾಗುವುದು ಅಜ್ಜನ ಟವೆಲ್ಲು.

ಅವತ್ತು ಶ್ರಾವಣ ಸೋಮವಾರ, ಅಜ್ಜನ ಉಪವಾಸ. ಏನೋ ಕೆಲಸವೆಂದು ವಿಜಯಪುರಕ್ಕೆ ಹೋಗಿದ್ದವನು ಮಧ್ಯಾಹ್ನ ಅರಕೇರಿಗೆ ಮರಳಿ, ಕೈಕಾಲು ತೊಳೆದು, ಟವೆಲ್ಲನ್ನು ಪಡಸಾಲೆಯ ಗೂಟಕ್ಕೆ ಹಾಕಿ, ಎಲೆ ಅಡಿಕೆ ಜಗಿಯುತ್ತ ಕುಳಿತ.

ಅಂಗಳದಲ್ಲಿ ಮಲಗಿದ್ದ ನಮ್ಮ ನಾಯಿ ಮೋತ್ಯಾ ಎದ್ದಿತು. ಅಜ್ಜ ಬಂದ ದಾರಿಯನ್ನೇ ಮೂಸುತ್ತ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿತು. ಅವನು ಕೈಕಾಲು ತೊಳೆದಲ್ಲಿ ವಾಸನೆ ತಪ್ಪಿರಬೇಕು, ಮೂಗು ಮೇಲೆತ್ತಿ ಗಾಳಿಗೆ ಹಿಡಿದು ನಿಂತಿತು. ಆಮೇಲೆ ನೆಟ್ಟಗೆ ಪಡಸಾಲೆ ಹತ್ತಿ, ಟವೆಲ್ಲನ್ನು ಕೆಳಗೆಳೆದು, ಅದರ ಒಂದು ಮೂಲೆಯನ್ನಷ್ಟೇ ನೆಕ್ಕತೊಡಗಿತು.

ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಕೈ ನಿಂತಿತು.

"ಪ್ಯಾಟ್ಯಾಗ ಏನ್ ತಿಂದ್ರಿ?"

"ಎರಡು ಬಾಳಿಹಣ್ಣ. ಅಷ್ಟ."

"ಬಾಳಿಹಣ್ಣಿಗೆ ಮೋತ್ಯಾ ಎಂದೂ ಎದ್ದಿಲ್ಲ ಬಿಡ್ರಿ."

ಅಜ್ಜ ತೊಲೆ ನೋಡುತ್ತ ಕುಳಿತ. ಅಜ್ಜಿ ಮೊದಲ ಬಿಸಿ ರೊಟ್ಟಿಯನ್ನು ನಾಯಿಗೆ ಹಾಕಿದಳು.

ಮುಂದಿನ ಸೋಮವಾರವೂ ಅಜ್ಜನಿಗೆ ವಿಜಯಪುರದಲ್ಲಿ ಕೆಲಸವಿತ್ತು. ಹೊರಡುವಾಗ ಬಚ್ಚಲಿನ ಸಾಬೂನನ್ನು ಚೀಲಕ್ಕೆ ಹಾಕಿಕೊಂಡ.